ಗಾಳಿಮಳೆಗೆ ಊರೆಲ್ಲ ಕತ್ತಲಾದರೂ ರೇಡಿಯೊ ಮಾತಾಡುವುದು ಹೇಗೆ?

2021ರ ಮೇ 16ರಂದು ತೌಕ್ತೆ ಚಂಡಮಾರುತ ಗೋವಾ ಕರಾವಳಿಯ ಪಕ್ಕದಿಂದಲೇ ಉತ್ತರಕ್ಕೆ ಹಾದುಹೋಯಿತು. ಅದು ನೆಲಕ್ಕೆ ಅಪ್ಪಳಿಸಿದ್ದು ಮರುದಿನ ರಾತ್ರಿ, ಗುಜರಾತಿನಲ್ಲಿ. ಆದರೂ ಗೋವಾದಲ್ಲಿ ಮರಗಳು ತಂತಿಗಳ ಮೇಲೆ ಉರುಳಿ, ಕಂಬಗಳು ಮುರಿದು, ರಾಜ್ಯದ ಬಹುಭಾಗ ಕತ್ತಲಾಯಿತು. ಕೆಲವು ಊರುಗಳಿಗೆ ಕರೆಂಟ್ ಮರಳಲು ದಿನಗಳೇ ಹಿಡಿದವು. ಅದರ ಹಿಂದಿನ ವರ್ಷ, 2020ರ ಜೂನ್ 3ರಂದು, ನಿಸರ್ಗ ಚಂಡಮಾರುತ ಮಹಾರಾಷ್ಟ್ರದ ಅಲಿಬಾಗ್ ಬಳಿ ನೆಲ ಮುಟ್ಟಿದಾಗ ರಾಯಗಡ, ರತ್ನಾಗಿರಿ ಜಿಲ್ಲೆಗಳ ಹಲವು ಹಳ್ಳಿಗಳು ವಾರಗಟ್ಟಲೆ ಕರೆಂಟಿಲ್ಲದೆ ಕಳೆದಿದ್ದವು.

ಗೋವಾಕ್ಕೆ ಇನ್ನೊಂದು ತೊಡಕಿದೆ. ಹೇಳಿಕೊಳ್ಳುವಂಥ ವಿದ್ಯುತ್ ಸ್ಥಾವರ ಇಲ್ಲಿಲ್ಲ. ಬೇಕಾದ ಕರೆಂಟ್ ಮಹಾರಾಷ್ಟ್ರ ಮತ್ತು ಕರ್ನಾಟಕದ ಕಡೆಯಿಂದ ಘಟ್ಟದ ಕಾಡು ದಾಟಿ ಬರುವ ತಂತಿಗಳಲ್ಲಿ ಬರಬೇಕು. ಅಲ್ಲೆಲ್ಲೋ ಒಂದು ಗೋಪುರ ಬಾಗಿದರೂ ವಾಸ್ಕೋದ ಬೈನಾದಲ್ಲಿ, ಝುವಾರಿನಗರದಲ್ಲಿ, ಮಡಗಾಂವ್‌ನಲ್ಲಿ ಫ್ಯಾನ್ ನಿಲ್ಲುತ್ತದೆ. ಮೊಬೈಲ್ ಟವರ್‌ಗಳು ತಮ್ಮ ಬ್ಯಾಟರಿಯ ಮೇಲೆ ಕೆಲವು ಗಂಟೆ ಎಳೆಯುತ್ತವೆ. ಆಮೇಲೆ ಫೋನೂ ಮೂಕ. ಕೆಲಸಕ್ಕೆಂದು ಬಂದು ಇಲ್ಲೇ ನೆಲೆಸಿದ ಕನ್ನಡ ಕುಟುಂಬಗಳಿಗೆ ಆಗ ಸುದ್ದಿ ಸಿಗುವ ದಾರಿ ಒಂದೇ: ಶೆಲ್ ಹಾಕಿದ ರೇಡಿಯೊ. ಆದರೆ ಆ ರೇಡಿಯೊಗೆ ದನಿ ಕಳಿಸುವ ಕೇಂದ್ರಕ್ಕೂ ಕರೆಂಟ್ ಬರುವುದು ಅದೇ ಕಂಬ, ಅದೇ ತಂತಿಯಿಂದ. ಹಾಗಿದ್ದರೆ ಅದು ಹೇಗೆ ಬದುಕಿಕೊಳ್ಳುತ್ತದೆ?

## ಒಂದು ಕೇಂದ್ರ, ಎರಡು ವಿಳಾಸ

ರೇಡಿಯೊ ಕೇಂದ್ರವೆಂದರೆ ಒಂದು ಕಟ್ಟಡ ಎಂದು ಅಂದುಕೊಳ್ಳುತ್ತೇವೆ. ನಿಜದಲ್ಲಿ ಅದು ನಾಲ್ಕು ಭಾಗಗಳ ಸರಪಳಿ. ಮಾತು, ಹಾಡು ತಯಾರಾಗುವ ಜಾಗ ಸ್ಟುಡಿಯೊ. ಆ ದನಿಯನ್ನು ರೇಡಿಯೊ ಅಲೆಯ ಮೇಲೆ ಏರಿಸಿ ಬಲ ತುಂಬುವ ಯಂತ್ರ ಟ್ರಾನ್ಸ್‌ಮಿಟರ್. ಅಲೆಯನ್ನು ಗಾಳಿಗೆ ಬಿಡುವುದು ಟವರ್ ಮೇಲಿನ ಆಂಟೆನಾ. ಸ್ಟುಡಿಯೊದಿಂದ ಟ್ರಾನ್ಸ್‌ಮಿಟರ್‌ವರೆಗೆ ದನಿಯನ್ನು ಒಯ್ಯುವ ದಾರಿಗೆ ಲಿಂಕ್ ಎನ್ನುತ್ತಾರೆ. ಅದು ಫೈಬರ್ ಕೇಬಲ್ ಆಗಿರಬಹುದು, ಮೈಕ್ರೊವೇವ್ ಡಿಶ್ ಆಗಿರಬಹುದು.

ಊರಿನ ಸಂಸ್ಥೆಗಳೇ ಸುತ್ತಲಿನ ಜನರಿಗಾಗಿ ನಡೆಸುವ ಚಿಕ್ಕ ಕೇಂದ್ರಕ್ಕೆ ಸಮುದಾಯ ರೇಡಿಯೊ ಎನ್ನುತ್ತಾರೆ. ಅದರಲ್ಲಿ ಇವೆಲ್ಲ ಸಾಮಾನ್ಯವಾಗಿ ಒಂದೇ ಆವರಣದಲ್ಲಿರುತ್ತವೆ. ನಮ್ಮ ದೇಶದ ನಿಯಮದಂತೆ ಅದರ ಪರಿಣಾಮಕಾರಿ ಪ್ರಸಾರ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್, ಆಂಟೆನಾದ ಎತ್ತರ ನೆಲದಿಂದ 30 ಮೀಟರ್ ಮೀರುವಂತಿಲ್ಲ. ದೊಡ್ಡ ಕೇಂದ್ರಗಳ ಕಥೆ ಬೇರೆ. ಸ್ಟುಡಿಯೊ ಊರೊಳಗೆ, ಟ್ರಾನ್ಸ್‌ಮಿಟರ್ ಬೇರೆಲ್ಲೋ. ಎಫ್‌ಎಂ ಅಲೆ ಹೆಚ್ಚುಕಡಿಮೆ ಕಣ್ಣಳತೆಯಷ್ಟೇ ದೂರ ಹೋಗುವುದರಿಂದ ಎಫ್‌ಎಂ ಟವರ್‌ಗೆ ಎತ್ತರ ಬೇಕು. ಮೀಡಿಯಂ ವೇವ್ ಅಲೆ ನೆಲಕ್ಕೆ ಅಂಟಿಕೊಂಡು ಸಾಗುತ್ತದೆ. ಅದಕ್ಕೆ ತೇವದ ಬಯಲು ಇಷ್ಟ, ಉಪ್ಪುನೀರಿನ ಮೇಲಂತೂ ಬಹಳ ದೂರ ಹೋಗುತ್ತದೆ.

ಹೀಗಾಗಿ ಕರೆಂಟಿನ ವ್ಯವಸ್ಥೆ ಎರಡು ಜಾಗದಲ್ಲಿ ಬೇಕು, ಲಿಂಕ್ ಕಂಪನಿಯ ಕೊಠಡಿಯನ್ನೂ ಸೇರಿಸಿದರೆ ಮೂರು. ಸ್ಟುಡಿಯೊದಲ್ಲಿ ದೀಪ ಉರಿಯುತ್ತಿರುತ್ತದೆ, ನಿರೂಪಕರು ಮೀನುಗಾರರಿಗೆ ಎಚ್ಚರಿಕೆ ಓದುತ್ತಿರುತ್ತಾರೆ. ಗುಡ್ಡದ ಮೇಲೆ ಟ್ರಾನ್ಸ್‌ಮಿಟರ್ ಸತ್ತಿರುತ್ತದೆ. ಸ್ಟುಡಿಯೊದ ಸ್ಪೀಕರ್‌ನಲ್ಲಿ ಕೇಳುವ ದನಿ ಮಿಕ್ಸರ್‌ನದ್ದಾಗಿದ್ದರೆ ಇದು ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಕೇಂದ್ರದ ಒಳಗೂ ಒಂದು ಸಾಮಾನ್ಯ ರೇಡಿಯೊ ಇಟ್ಟು, ಗಾಳಿಯಲ್ಲಿ ಬಂದದ್ದನ್ನೇ ಕೇಳುತ್ತಿರಬೇಕು.

## ಯಾವುದು ಎಷ್ಟು ಕರೆಂಟ್ ತಿನ್ನುತ್ತದೆ

ಈಗಿನ ಎಫ್‌ಎಂ ಟ್ರಾನ್ಸ್‌ಮಿಟರ್‌ಗಳು ಒಳಗೆ ತೆಗೆದುಕೊಂಡ ವಿದ್ಯುತ್ತಿನ 60ರಿಂದ 70 ಶೇಕಡಾವನ್ನು ಪ್ರಸಾರ ಶಕ್ತಿಯಾಗಿ ಕೊಡುತ್ತವೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. 5 ಕಿಲೋವ್ಯಾಟ್ ಪ್ರಸಾರಕ್ಕೆ ಸುಮಾರು 7.5 ಕಿಲೋವ್ಯಾಟ್ ಬೇಕು. ಆ ಬಿಸಿಯನ್ನು ಹೊರಹಾಕುವ ಎಸಿಗಳಿಗೆ ಇನ್ನೂ 4 ಕಿಲೋವ್ಯಾಟ್, ಲಿಂಕ್, ದೀಪ, ಟವರ್ ಮೇಲಿನ ಕೆಂಪು ದೀಪಗಳಿಗೆ ಒಂದು. ಒಟ್ಟು 12.5. ಪಟ್ಟಿಯಲ್ಲಿ ಎರಡನೆಯ ದೊಡ್ಡ ಖರ್ಚು ಎಸಿ ಎಂಬುದನ್ನು ನೆನಪಿಡಿ.

ಮೀಡಿಯಂ ವೇವ್‌ನ ಲೆಕ್ಕ ಇನ್ನೂ ದೊಡ್ಡದು. ಪಣಜಿ ಆಕಾಶವಾಣಿಯ 1287 ಕಿಲೋಹರ್ಟ್ಜ್‌ನಂಥ ಕೇಂದ್ರಗಳು 100 ಕಿಲೋವ್ಯಾಟ್ ದರ್ಜೆಯವು. ಎಫ್‌ಎಂನಲ್ಲಿ ಹಾಡು ಬಂದರೂ ಮೌನವಿದ್ದರೂ ಖರ್ಚು ಒಂದೇ. ಮೀಡಿಯಂ ವೇವ್‌ನಲ್ಲಿ ಹಾಗಲ್ಲ, ದನಿ ಏರಿದಂತೆ ವಿದ್ಯುತ್ ಏರುತ್ತದೆ. 100 ಕಿಲೋವ್ಯಾಟ್‌ನ ಹೊಸ ಮಾದರಿಯ ಯಂತ್ರ ಮೌನದಲ್ಲಿ ಸುಮಾರು 120 ಕಿಲೋವ್ಯಾಟ್ ಎಳೆದರೆ, ದನಿ ತಾರಕಕ್ಕೇರಿದ ಗಳಿಗೆಯಲ್ಲಿ 170ರ ಆಸುಪಾಸಿಗೆ ಹೋಗುತ್ತದೆ. ಇಷ್ಟನ್ನು ಬ್ಯಾಟರಿಯಿಂದ ಗಂಟೆಗಟ್ಟಲೆ ಕೊಡುವ ಮಾತೇ ಇಲ್ಲ. ಇಂಥಲ್ಲಿ ಎರಡು ಬೇರೆ ಸಬ್‌ಸ್ಟೇಷನ್‌ಗಳಿಂದ ಎರಡು ಹೈಟೆನ್ಷನ್ ಫೀಡರ್ ಎಳೆಸಿಕೊಳ್ಳುವುದು, ಅದೂ ಹೋದರೆ ದೊಡ್ಡ ಜನರೇಟರ್ ಮೇಲೆ ಕಡಿಮೆ ಶಕ್ತಿಯಲ್ಲಿ ಓಡಿಸುವುದು, ಇವೇ ದಾರಿ.

ಸಮುದಾಯ ರೇಡಿಯೊದ ಲೆಕ್ಕ ನೋಡಿದರೆ ಖುಷಿಯಾಗುತ್ತದೆ. 100 ವ್ಯಾಟ್ ಟ್ರಾನ್ಸ್‌ಮಿಟರ್‌ಗೆ ಸುಮಾರು 200 ವ್ಯಾಟ್. ಎರಡು ಕಂಪ್ಯೂಟರ್, ಮಿಕ್ಸರ್, ದೀಪ, ಫ್ಯಾನ್ ಸೇರಿ ಎಲ್ಲಕ್ಕೂ 800 ವ್ಯಾಟ್ ಸಾಕು, ಎಸಿ ಹಾಕದಿದ್ದರೆ. 12 ವೋಲ್ಟ್, 150 ಆಂಪಿಯರ್-ಅವರ್‌ನ ಎಂಟು ಬ್ಯಾಟರಿಗಳನ್ನು ನಾಲ್ಕು ನಾಲ್ಕರ ಎರಡು ಸಾಲಾಗಿ ಜೋಡಿಸಿದರೆ 48 ವೋಲ್ಟ್, 300 ಆಂಪಿಯರ್-ಅವರ್, ಅಂದರೆ 14.4 ಯೂನಿಟ್ ಕೂಡಿಟ್ಟಂತೆ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಸ್ಸು ಕುಗ್ಗುತ್ತದೆ, ಇನ್ವರ್ಟರ್ ಕೂಡ ತನ್ನ ಪಾಲು ತಿನ್ನುತ್ತದೆ. ಕೈಗೆ ಸಿಗುವುದು 6.3 ಯೂನಿಟ್. 800 ವ್ಯಾಟ್‌ಗೆ ಅದು ಸುಮಾರು 8 ಗಂಟೆ. ಸ್ಟುಡಿಯೊ ಆರಿಸಿ, ಟ್ರಾನ್ಸ್‌ಮಿಟರ್ ಮತ್ತು ಒಂದು ಲ್ಯಾಪ್‌ಟಾಪ್ ಮಾತ್ರ ಉಳಿಸಿಕೊಂಡರೆ 300 ವ್ಯಾಟ್. ಅದೇ ಬ್ಯಾಟರಿ 20 ಗಂಟೆ ದಾಟುತ್ತದೆ.

## ಮೊದಲ ಇಪ್ಪತ್ತು ಸೆಕೆಂಡು

ಕರೆಂಟ್ ಹೋದ ಗಳಿಗೆಯಲ್ಲಿ ಬೇಕಾಗುವುದು ಒಂದು ಬಗೆಯ ತಯಾರಿ, ದಿನಗಟ್ಟಲೆ ನಡೆಸಲು ಬೇಕಾಗುವುದು ಇನ್ನೊಂದು. ನಲ್ಲಿ ನಿಂತಾಗ ಒಲೆಯ ಪಕ್ಕದ ಕೊಡದ ನೀರಿನಲ್ಲಿ ಅಡುಗೆ ಮುಂದುವರಿಸಿ, ಅಷ್ಟರೊಳಗೆ ಒಬ್ಬರನ್ನು ಬಾವಿಗೆ ಕಳಿಸುತ್ತೇವಲ್ಲ, ಇಲ್ಲಿ ಕೊಡದ ಕೆಲಸ ಯುಪಿಎಸ್‌ನದು, ಬಾವಿಯ ಕೆಲಸ ಡೀಸೆಲ್ ಜನರೇಟರ್‌ನದು.

ಯುಪಿಎಸ್ ಒಳಗೆ ಬ್ಯಾಟರಿ ಇರುತ್ತದೆ. ಆನ್‌ಲೈನ್ ಮಾದರಿಯದಾದರೆ ಉಪಕರಣಗಳು ಸದಾ ಅದರ ಇನ್ವರ್ಟರ್‌ನಿಂದಲೇ ಓಡುತ್ತಿರುತ್ತವೆ, ಆದ್ದರಿಂದ ಕರೆಂಟ್ ಹೋದದ್ದು ಅವುಗಳಿಗೆ ಗೊತ್ತೇ ಆಗುವುದಿಲ್ಲ. ಅತ್ತ ಎಎಮ್‌ಎಫ್ ಪ್ಯಾನೆಲ್ ಎಂಬ ಸ್ವಯಂಚಾಲಿತ ಪೆಟ್ಟಿಗೆ ಮೂರೂ ಫೇಸ್‌ಗಳ ವೋಲ್ಟೇಜ್ ನೋಡುತ್ತಿರುತ್ತದೆ. ಕರೆಂಟ್ ಹೋದ ಕೂಡಲೇ ಅದು ಜನರೇಟರ್‌ಗೆ ಅಪ್ಪಣೆ ಕೊಡುವುದಿಲ್ಲ, 3ರಿಂದ 5 ಸೆಕೆಂಡು ಕಾಯುತ್ತದೆ. ಗಾಳಿಗೆ ತಂತಿಗಳು ತಾಗಿ ಕರೆಂಟ್ ಮಿಣುಕಿ ಬಂದರೆ ಸುಮ್ಮನೆ ಎಂಜಿನ್ ಚಾಲೂ ಆಗಬಾರದು ಎಂಬ ಕಾರಣಕ್ಕೆ. ಆಮೇಲೆ ಸೆಲ್ಫ್ ಹೊಡೆಯುತ್ತದೆ. ಸಾಮಾನ್ಯವಾಗಿ ಮೂರು ಪ್ರಯತ್ನ. ಮೂರೂ ವಿಫಲವಾದರೆ ಗಂಟೆ ಬಾರಿಸಿ ನಿಲ್ಲುತ್ತದೆ. ಎಂಜಿನ್ ನಿಮಿಷಕ್ಕೆ 1500 ಸುತ್ತಿನ ವೇಗಕ್ಕೆ ಬಂದು ವೋಲ್ಟೇಜ್ ನಿಂತ ಮೇಲೆ ಲೋಡ್ ಅದರ ಮೇಲೆ ಬೀಳುತ್ತದೆ. ಎಲ್ಲ ಸೇರಿ 10ರಿಂದ 20 ಸೆಕೆಂಡು.

ದೊಡ್ಡ ಟ್ರಾನ್ಸ್‌ಮಿಟರ್‌ಗಳಿಗೆ ಯುಪಿಎಸ್ ಇಡುವುದು ದುಬಾರಿ. ಅಲ್ಲಿ ಆ 20 ಸೆಕೆಂಡು ಪ್ರಸಾರ ನಿಲ್ಲುತ್ತದೆ, ಕೇಳುಗರಿಗೆ ಬರೀ ಸುಯ್ ಎನ್ನುವ ಸದ್ದು. ಹೊಸ ಯಂತ್ರಗಳು ಕರೆಂಟ್ ಬಂದೊಡನೆ ಹಿಂದಿನ ಶಕ್ತಿಯಲ್ಲೇ ಏಳುತ್ತವೆ. ವಾಲ್ವ್ (ನಿರ್ವಾತ ಕೊಳವೆ) ಇರುವ ಹಳೆಯವು ಅದರೊಳಗಿನ ಫಿಲಮೆಂಟ್ ತಂತಿ ಬಿಸಿಯಾಗುವವರೆಗೆ ನಿಮಿಷಗಟ್ಟಲೆ ಏಳುವುದಿಲ್ಲ. ಅಷ್ಟೇ ಅಲ್ಲ, ವಾಲ್ವ್ ಆರಿದ ಮೇಲೂ ಕೆಲವು ನಿಮಿಷ ಅದಕ್ಕೆ ಬ್ಲೋವರ್ ಗಾಳಿ ಬೇಕು. ಕರೆಂಟ್ ಹೋದಾಗ ಬ್ಲೋವರ್ ಕೂಡ ನಿಂತರೆ ಬಿಸಿಯಲ್ಲೇ ವಾಲ್ವ್ ಹಾಳಾಗುತ್ತದೆ.

ಟ್ರಾನ್ಸ್‌ಮಿಟರ್‌ಗೆ ಇಲ್ಲದಿದ್ದರೂ ಅದರ ಎಕ್ಸೈಟರ್ (ದನಿಯನ್ನು ಅಲೆಯ ಮೇಲೆ ಏರಿಸುವ ಭಾಗ), ಲಿಂಕ್, ನಿಯಂತ್ರಣ ಕಾರ್ಡ್‌ಗಳಿಗೆ ಚಿಕ್ಕ ಯುಪಿಎಸ್ ಇರಲೇಬೇಕು. ಸ್ಟುಡಿಯೊದ ಕಂಪ್ಯೂಟರ್ ಮತ್ತೆ ಬೂಟ್ ಆಗಿ, ಹಾಡುಗಳ ಪಟ್ಟಿ ತೆರೆದುಕೊಳ್ಳಲು ಐದಾರು ನಿಮಿಷ ಹಿಡಿಯುತ್ತದೆ. ಗಾಳಿಮಳೆಯ ರಾತ್ರಿ ಕರೆಂಟ್ ಹತ್ತು ಸಲ ಹೋಗಿ ಬಂದರೆ ಈ ಐದು ನಿಮಿಷಗಳೇ ಒಂದು ಗಂಟೆಯ ಹತ್ತಿರಕ್ಕೆ ಬೆಳೆಯುತ್ತವೆ.

## ಜನರೇಟರ್ ಕೈಕೊಡುವುದು ಎಲ್ಲಿ

ಜನರೇಟರ್ ಇದ್ದೂ ಕೇಂದ್ರ ಮೌನವಾಗುವುದು ಎಂಜಿನ್ ಕೆಟ್ಟದ್ದರಿಂದ ಅಪರೂಪ. ಬಹುತೇಕ ಸಲ ಕಾರಣ ಅದರ 12 ವೋಲ್ಟ್‌ನ ಸ್ಟಾರ್ಟಿಂಗ್ ಬ್ಯಾಟರಿ. ವರ್ಷವಿಡೀ ಕೆಲಸವಿಲ್ಲದೆ ಮೂಲೆಯಲ್ಲಿ ಕೂತು, ಟರ್ಮಿನಲ್ ಮೇಲೆ ಹಸಿರು ಪುಡಿ ಬೆಳೆದು, ಬೇಕಾದ ದಿನ ಟಿಕ್ ಎಂದು ಸುಮ್ಮನಾಗುತ್ತದೆ. ವಿಶ್ರಾಂತಿಯಲ್ಲಿ 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ಚೆನ್ನಾಗಿದೆ, 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ಆದರೆ ನಿಜವಾದ ಪರೀಕ್ಷೆ ಸೆಲ್ಫ್ ಹೊಡೆಯುವಾಗಿನದು. ಆಗ ಮೀಟರ್ 9.6 ವೋಲ್ಟ್‌ಗಿಂತ ಕೆಳಗೆ ಬಿದ್ದರೆ ಮಳೆಗಾಲಕ್ಕೆ ಮುಂಚೆಯೇ ಬದಲಿಸುವುದು ಒಳ್ಳೆಯದು. ಬ್ಯಾಟರಿಗೆ ಸದಾ ಚಾರ್ಜ್ ಕೊಡುವ ಚಿಕ್ಕ ಚಾರ್ಜರ್‌ನ ಫ್ಯೂಸ್ ಹೋಗಿರುವುದನ್ನು ತಿಂಗಳುಗಟ್ಟಲೆ ಯಾರೂ ಗಮನಿಸುವುದಿಲ್ಲ, ಅದನ್ನೂ ನೋಡಬೇಕು.

ಎರಡನೆಯದು ಡೀಸೆಲ್‌ನಲ್ಲಿ ನೀರು. ಟ್ಯಾಂಕ್ ಅರ್ಧ ಖಾಲಿ ಇದ್ದರೆ ಮೇಲಿನ ಜಾಗದಲ್ಲಿ ಕರಾವಳಿಯ ತೇವದ ಗಾಳಿ ತುಂಬಿ, ರಾತ್ರಿ ತಣಿದು ಹನಿಯಾಗಿ ತಳ ಸೇರುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗಿ ಫಿಲ್ಟರ್ ಕಟ್ಟುತ್ತವೆ. ಎಂಜಿನ್ ಚಾಲೂ ಆಗಿ, ಅರ್ಧ ಗಂಟೆ ಓಡಿ, ಉಸಿರು ಕಟ್ಟಿದಂತೆ ನಿಲ್ಲುವುದು ಇದರ ಲಕ್ಷಣ. ಟ್ಯಾಂಕ್ ತುಂಬಿಡುವುದು, ತಳದ ಕೊಳಾಯಿಯಿಂದ ನೀರು ಬಿಟ್ಟು ನೋಡುವುದು, ಎರಡು ಜತೆ ಫಿಲ್ಟರ್ ಕೈಗೆ ಸಿಗುವಂತೆ ಇಟ್ಟುಕೊಳ್ಳುವುದು ಇದಕ್ಕೆ ಮದ್ದು.

ಟ್ಯಾಂಕ್ ಪೂರ್ತಿ ಬರಿದಾಗಲು ಬಿಟ್ಟರೆ ಇನ್ನೊಂದು ಫಜೀತಿ. ಪೈಪ್‌ನಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಮತ್ತೆ ಡೀಸೆಲ್ ಸುರಿದರೂ ಎಂಜಿನ್ ಏಳುವುದಿಲ್ಲ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಕೈಪಂಪ್ ಒತ್ತುತ್ತಾ ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಹೊರಬಿಟ್ಟು, ಸ್ಕ್ರೂ ಬಿಗಿಯಬೇಕು. ಮೆಕ್ಯಾನಿಕ್ ರಸ್ತೆಯ ಮೇಲೆ ಬಿದ್ದ ಮರ ದಾಟಿ ಬರಲಾರದ ರಾತ್ರಿ ಇದನ್ನು ಮಾಡುವವರು ಡ್ಯೂಟಿಯಲ್ಲಿರುವ ಸಿಬ್ಬಂದಿಯೇ. ಅವರಿಗೆ ಮುಂಚೆಯೇ ಕೈಯಿಂದ ಮಾಡಿಸಿ ಕಲಿಸಿರಬೇಕು, ಗೋಡೆಯ ಮೇಲಿನ ಚೀಟಿ ಸಾಲದು.

ಗಾಳಿಯ ದಿಕ್ಕೂ ತೊಂದರೆ ಕೊಡುತ್ತದೆ. ಮುಂಗಾರಿನ ನೈಋತ್ಯ ಗಾಳಿ ನೇರವಾಗಿ ರೇಡಿಯೇಟರ್‌ನ ಬಿಸಿಗಾಳಿ ಹೊರಬೀಳುವ ಕಿಂಡಿಗೆ ಬಡಿದರೆ ಬಿಸಿ ಒಳಗೇ ಉಳಿದು ಎಂಜಿನ್ ಹೈ ಟೆಂಪರೇಚರ್ ಎಂದು ತಾನಾಗಿ ನಿಲ್ಲುತ್ತದೆ. ಕಿಂಡಿಗೆ ತರಗೆಲೆ ಅಂಟಿಕೊಂಡರೂ ಅಷ್ಟೇ. ಇನ್ನು ಪ್ರವಾಹ: 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದಿತ್ತು. ಅಂಥ ದಿನ ನೆಲಮಾಳಿಗೆಯ ಜನರೇಟರ್ ಮತ್ತು ಪ್ಯಾನೆಲ್ ಮೊದಲು ಮುಳುಗುತ್ತವೆ. ಕಟ್ಟೆಯ ಮೇಲೆ, ಹಿಂದೆ ನೀರು ನಿಂತ ಮಟ್ಟಕ್ಕಿಂತ ಎತ್ತರದಲ್ಲಿ ಅವು ಇರಬೇಕು. ಮಳೆ ಬರುತ್ತಿದೆ ಎಂದು ಚಿಕ್ಕ ಪೆಟ್ರೋಲ್ ಜನರೇಟರನ್ನು ಕೋಣೆಯೊಳಗೆ ಎಳೆದುಕೊಂಡು ಓಡಿಸುವುದಂತೂ ಪ್ರಾಣಕ್ಕೇ ಕುತ್ತು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಂಪರಿನಲ್ಲೇ ಕೊಲ್ಲುತ್ತದೆ.

ವಾರಕ್ಕೊಮ್ಮೆ ಐದು ನಿಮಿಷ ಬರಿದೇ ಓಡಿಸಿ ‘ಸರಿ ಇದೆ’ ಎಂದು ರಿಜಿಸ್ಟರ್‌ನಲ್ಲಿ ಬರೆಯುವ ರೂಢಿಯನ್ನು ಬಿಡಬೇಕು. ತಿಂಗಳಿಗೊಮ್ಮೆ ಮೇನ್ ಬ್ರೇಕರ್ ಇಳಿಸಿ, ನಿಜವಾದ ಲೋಡ್ ಹಾಕಿ, ಅರ್ಧ ಗಂಟೆಯಾದರೂ ಓಡಿಸಿದರೆ ಮಾತ್ರ ಮೇಲಿನ ದೋಷಗಳು ಬಯಲಾಗುತ್ತವೆ.

## ಡೀಸೆಲ್ ಎಷ್ಟು ದಿನ ಬರುತ್ತದೆ

ಮಧ್ಯಮ ಗಾತ್ರದ ಜನರೇಟರ್ ಒಳ್ಳೆಯ ಲೋಡ್‌ನಲ್ಲಿ ಲೀಟರ್‌ಗೆ 3ರಿಂದ 3.5 ಯೂನಿಟ್ ಕೊಡುತ್ತದೆ. ಮೇಲೆ ಲೆಕ್ಕ ಹಾಕಿದ 12.5 ಕಿಲೋವ್ಯಾಟ್‌ನ ಎಫ್‌ಎಂ ಕೇಂದ್ರಕ್ಕೆ 25 ಕೆವಿಎ (ಸುಮಾರು 20 ಕಿಲೋವ್ಯಾಟ್) ಸೆಟ್ ಇದೆ ಎನ್ನಿ. ಗಂಟೆಗೆ ಸುಮಾರು 4 ಲೀಟರ್, ದಿನಕ್ಕೆ 96, ಮೂರು ದಿನಕ್ಕೆ 290 ಲೀಟರ್. ಪೆಟ್ರೋಲ್ ಬಂಕ್‌ನ ಪಂಪ್‌ಗೂ ಕರೆಂಟ್ ಬೇಕು, ಅದು ಇದ್ದರೂ ಸಾಲು ಉದ್ದ ಇರುತ್ತದೆ, ರಸ್ತೆ ಕಟ್ಟಿರುತ್ತದೆ. ಆದ್ದರಿಂದ ಮೂರು ದಿನದ ಡೀಸೆಲ್ ಆವರಣದಲ್ಲೇ ಇರುವುದು ಕನಿಷ್ಠ ತಯಾರಿ. ಕಾನೂನಿನ ಪ್ರಕಾರ, ಒಂದೊಂದು ಪಾತ್ರೆ 1000 ಲೀಟರ್ ಮೀರದೆ, ಒಟ್ಟು 2500 ಲೀಟರ್‌ವರೆಗಿನ ಡೀಸೆಲ್ ದಾಸ್ತಾನಿಗೆ ಪೆಟ್ರೋಲಿಯಂ ಲೈಸೆನ್ಸ್ ಬೇಡ. ಅನೇಕ ಕಡೆ 990 ಲೀಟರ್‌ನ ಟ್ಯಾಂಕ್ ಕಾಣುವುದು ಇದೇ ಕಾರಣಕ್ಕೆ.

## ಶಕ್ತಿ ಇಳಿಸಿದರೆ ನಷ್ಟವೆಷ್ಟು

ಕೇಳುಗರಿಗೆ ಅಷ್ಟಾಗಿ ಗೊತ್ತಿಲ್ಲದ, ಆದರೆ ಕೇಂದ್ರವನ್ನು ದಿನಗಟ್ಟಲೆ ಉಳಿಸುವ ಉಪಾಯ ಇದು. ಟ್ರಾನ್ಸ್‌ಮಿಟರ್‌ನ ಶಕ್ತಿಯನ್ನು ಅರ್ಧಕ್ಕೆ ಇಳಿಸಿದರೆ ಪ್ರಸಾರ ತಲುಪುವ ದೂರವೂ ಅರ್ಧವಾಗುತ್ತದೆ ಎಂದು ಅನ್ನಿಸುವುದು ಸಹಜ. ಹಾಗಾಗುವುದಿಲ್ಲ. ಅಡೆತಡೆಯಿಲ್ಲದ ಬಯಲಿನ ಲೆಕ್ಕದಲ್ಲಿ ಅಲೆಯ ಶಕ್ತಿ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಹಾಗಾಗಿ ಅರ್ಧ ಶಕ್ತಿಗೆ ದೂರ ಕಡಿಮೆಯಾಗುವುದು ಹತ್ತರಲ್ಲಿ ಮೂರು ಭಾಗ ಮಾತ್ರ. 40 ಕಿಲೋಮೀಟರ್ ತಲುಪುತ್ತಿದ್ದದ್ದು 28ಕ್ಕೆ ನಿಲ್ಲುತ್ತದೆ. ಗುಡ್ಡ, ಕಟ್ಟಡಗಳ ನಡುವೆ ಅಲೆ ಇನ್ನೂ ಬೇಗ ಸಾಯುವುದರಿಂದ, ಅಲ್ಲಿ ಅರ್ಧ ಶಕ್ತಿಯಿಂದ ಕಳೆದುಕೊಳ್ಳುವ ದೂರ ಅದಕ್ಕಿಂತಲೂ ಕಡಿಮೆ. ಊರೊಳಗಿನ ಕೇಳುಗರಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಉಳಿತಾಯ ನೋಡಿ. 5 ಕಿಲೋವ್ಯಾಟ್ ಟ್ರಾನ್ಸ್‌ಮಿಟರನ್ನು 2.5ಕ್ಕೆ ಇಳಿಸಿದರೆ ಅದರ ಎಳೆತ 4 ಕಿಲೋವ್ಯಾಟ್‌ಗೆ ಬರುತ್ತದೆ, ಬಿಸಿ ಕಡಿಮೆಯಾಗಿ ಎಸಿ ಒಂದನ್ನು ಆರಿಸಬಹುದು. ಒಟ್ಟು 8 ಕಿಲೋವ್ಯಾಟ್, ಗಂಟೆಗೆ 2.8 ಲೀಟರ್. ಮೂರು ದಿನದ ಡೀಸೆಲ್ ನಾಲ್ಕು ದಿನ ದಾಟುತ್ತದೆ.

ಹಾಗೆಂದು ಇಳಿಸುತ್ತಲೇ ಹೋಗುವಂತಿಲ್ಲ. ಡೀಸೆಲ್ ಎಂಜಿನ್ ತನ್ನ ಸಾಮರ್ಥ್ಯದ ಶೇಕಡಾ 30ಕ್ಕಿಂತ ಕಡಿಮೆ ಲೋಡ್‌ನಲ್ಲಿ ಗಂಟೆಗಟ್ಟಲೆ ಓಡಿದರೆ ಸಾಕಷ್ಟು ಬಿಸಿಯಾಗುವುದಿಲ್ಲ. ಅರ್ಧ ಸುಟ್ಟ ಇಂಧನ ಮಸಿಯಾಗಿ, ಎಣ್ಣೆಯ ಜಿಡ್ಡಾಗಿ ಸೈಲೆನ್ಸರ್‌ನಲ್ಲಿ, ಪಿಸ್ಟನ್ ರಿಂಗ್‌ಗಳಲ್ಲಿ ಸೇರುತ್ತದೆ. ದೊಡ್ಡ ಕಟ್ಟಡಕ್ಕೆಂದು ತಂದ 100 ಕೆವಿಎ ಸೆಟ್ ಮೇಲೆ 8 ಕಿಲೋವ್ಯಾಟ್‌ನ ಕೇಂದ್ರ ಓಡಿಸಿದರೆ ಇದೇ ಆಗುವುದು. ಅಂಥ ಕಡೆ ಎರಡನೆಯ ಚಿಕ್ಕ ಸೆಟ್ ಇದ್ದರೆ ಅದೇ ಹೆಚ್ಚು ಉಪಕಾರಿ.

ಎಫ್‌ಎಂನವರಿಗೆ ಇನ್ನೊಂದು ದಾರಿ ಇದೆ, ಅದಕ್ಕೆ ಒಂದು ಹನಿ ಡೀಸೆಲ್ ಕೂಡ ಬೇಡ: ಸ್ಟೀರಿಯೊ ನಿಲ್ಲಿಸಿ ಮೊನೊಗೆ ಬರುವುದು. ಸ್ಟೀರಿಯೊ ದನಿ ಗೊರಗೊರ ಇಲ್ಲದೆ ಕೇಳಲು ಮೊನೊಗಿಂತ ಬಹಳ ಬಲವಾದ ಅಲೆ ಬೇಕು. ಇದು ಸ್ಟೀರಿಯೊ ಎಂದು ರೇಡಿಯೊಗೆ ತಿಳಿಸುವ 19 ಕಿಲೋಹರ್ಟ್ಜ್‌ನ ಪೈಲಟ್ ಸಂಕೇತವನ್ನು ಆರಿಸಿದರೆ ಕೇಳುಗರ ರೇಡಿಯೊ ತಾನಾಗಿ ಮೊನೊಗೆ ತಿರುಗುತ್ತದೆ, ಅಂಚಿನ ಹಳ್ಳಿಗಳಲ್ಲಿ ದನಿ ತಿಳಿಯಾಗುತ್ತದೆ. ಚಂಡಮಾರುತದ ಸುದ್ದಿ ಕೇಳಲು ಸ್ಟೀರಿಯೊ ಯಾಕೆ ಬೇಕು?

## ದನಿ ಗುಡ್ಡ ಹತ್ತದಿದ್ದರೆ

ಎರಡೂ ಕಡೆ ಕರೆಂಟ್ ಇದ್ದು, ನಡುವಿನ ಲಿಂಕ್ ಸತ್ತರೆ? ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ ನಿಜ, ಆದರೆ ದಾರಿಯುದ್ದಕ್ಕೂ ಇರುವ ಕಂಪನಿಯ ಪೆಟ್ಟಿಗೆಗಳಿಗೆ ಬೇಕು. ಕಂಬದ ಮೇಲೆ ಎಳೆದ ಫೈಬರ್ ಕಂಬದ ಜತೆಗೇ ಬೀಳುತ್ತದೆ. ಮೈಕ್ರೊವೇವ್ ಡಿಶ್ ಗಾಳಿಗೆ ಒಂದೆರಡು ಡಿಗ್ರಿ ತಿರುಗಿದರೂ ಎದುರಿನ ಡಿಶ್ ತಪ್ಪುತ್ತದೆ.

ಇದಕ್ಕೆ ಟ್ರಾನ್ಸ್‌ಮಿಟರ್ ಬಳಿ ಸೈಲೆನ್ಸ್ ಡಿಟೆಕ್ಟರ್ ಇಡುತ್ತಾರೆ. 20ರಿಂದ 30 ಸೆಕೆಂಡು ದನಿ ಬರದಿದ್ದರೆ ಅದು ಎರಡನೆಯ ಲಿಂಕ್‌ಗೆ, ಅದೂ ಇಲ್ಲದಿದ್ದರೆ ಅಲ್ಲೇ ಇರುವ ಪ್ಲೇಯರ್‌ಗೆ ಬದಲಿಸುತ್ತದೆ. ಆ ಪ್ಲೇಯರ್‌ನಲ್ಲಿ ಬರೀ ಹಾಡುಗಳನ್ನು ತುಂಬಿಡುವುದು ಅವಕಾಶ ಕಳೆದುಕೊಂಡಂತೆ. ಸಹಾಯವಾಣಿ ಸಂಖ್ಯೆ, ಆಶ್ರಯ ಕೇಂದ್ರದ ವಿಳಾಸ, ‘ಬಿದ್ದ ತಂತಿ ಮುಟ್ಟಬೇಡಿ’ ಎಂಬ ಮಾತುಗಳನ್ನು ಕೊಂಕಣಿ, ಮರಾಠಿ, ಹಿಂದಿಯ ಜತೆ ಕನ್ನಡದಲ್ಲೂ ಮೊದಲೇ ಧ್ವನಿಮುದ್ರಿಸಿಟ್ಟರೆ ವಾಸ್ಕೋ, ವೆರ್ಣಾ ಕಡೆಯ ಕೂಲಿ ಕುಟುಂಬಗಳಿಗೆ ಎಷ್ಟು ಉಪಕಾರ! ಖಾಸಗಿ ಎಫ್‌ಎಂ ಕೇಂದ್ರಗಳು ತಮ್ಮದೇ ಸುದ್ದಿ ಬಿತ್ತರಿಸುವಂತಿಲ್ಲ, ಆದರೆ ಹವಾಮಾನ, ವಿದ್ಯುತ್, ನೀರು ಪೂರೈಕೆ, ನೈಸರ್ಗಿಕ ವಿಕೋಪದ ಪ್ರಕಟಣೆಗಳಿಗೆ ಅಡ್ಡಿಯಿಲ್ಲ. ಟ್ರಾನ್ಸ್‌ಮಿಟರ್ ಕೊಠಡಿಯಲ್ಲಿ ಒಂದು ಮೈಕ್, ಚಿಕ್ಕ ಮಿಕ್ಸರ್ ಸದಾ ಜೋಡಿಸಿಟ್ಟರೆ ಕೊನೆಗೆ ಅಲ್ಲಿಂದಲೇ ಮಾತಾಡಬಹುದು.

## ಸಿಡಿಲು, ಉಪ್ಪು, ಮರಳಿ ಬರುವ ಕರೆಂಟ್

ಊರಿಗೆಲ್ಲ ಎತ್ತರದ ಲೋಹದ ವಸ್ತು ಟವರ್, ಆದ್ದರಿಂದ ಸಿಡಿಲು ಅದನ್ನೇ ಹುಡುಕುತ್ತದೆ. ಹೊಡೆತವನ್ನು ನೆಲಕ್ಕಿಳಿಸಲು ಅರ್ಥಿಂಗ್ ಬೇಕು. ಗೋವಾದ ಗುಡ್ಡಗಳ ಕೆಂಪು ಕಲ್ಲು ವಿದ್ಯುತ್ತನ್ನು ಸುಲಭವಾಗಿ ಒಳಬಿಡುವುದಿಲ್ಲ, ಬೇಸಿಗೆಯ ಕೊನೆಗೆ ಒಣಗಿ ಇನ್ನೂ ಮೊಂಡಾಗಿರುತ್ತದೆ. ಸಿಡಿಲಿನ ಅಬ್ಬರ ಹೆಚ್ಚಿರುವುದೂ ಅದೇ ಮೇ ತಿಂಗಳಲ್ಲಿ. ಹಲವು ಗುಂಡಿಗಳನ್ನು ತಾಮ್ರದ ಪಟ್ಟಿಯಿಂದ ಒಂದಕ್ಕೊಂದು ಬೆಸೆದು, ಇದ್ದಿಲು-ಉಪ್ಪು ತುಂಬಿ, ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು. ಸ್ಟುಡಿಯೊ, ಟವರ್, ಜನರೇಟರ್ ಮೂರರ ಅರ್ಥಿಂಗ್ ಬೇರೆ ಬೇರೆ ಉಳಿದರೆ ಸಿಡಿಲು ಬಡಿದ ಗಳಿಗೆ ಅವುಗಳ ನಡುವೆ ಸಾವಿರಾರು ವೋಲ್ಟ್ ಅಂತರ ಹುಟ್ಟಿ, ಅದು ಉಪಕರಣಗಳ ಒಳಗಿನಿಂದಲೇ ಹರಿಯುತ್ತದೆ.

ಸಮುದ್ರದ ಉಪ್ಪು ಇನ್ಸುಲೇಟರ್‌ಗಳ ಮೇಲೆ ತಿಂಗಳುಗಟ್ಟಲೆ ಕೂತಿರುತ್ತದೆ. ಜೋರು ಮಳೆ ಅದನ್ನು ತೊಳೆದುಬಿಡುತ್ತದೆ. ಮೊದಲ ತುಂತುರು ಮಾತ್ರ ಅದನ್ನು ಕರಗಿಸಿ ಕರೆಂಟ್ ಹರಿಯುವ ಪದರವಾಗಿಸುತ್ತದೆ. ಮುಂಗಾರಿನ ಮೊದಲ ಹನಿಗೇ ಕರೆಂಟ್ ಹೋಗುವುದಕ್ಕೆ ಇದೂ ಒಂದು ಕಾರಣ. ಆಂಟೆನಾ ಕೇಬಲ್‌ನ ಜೋಡಣೆಯೊಳಗೆ ನೀರು ಇಳಿದರೆ ಅಲೆಯ ಒಂದು ಪಾಲು ವಾಪಸ್ ಟ್ರಾನ್ಸ್‌ಮಿಟರ್‌ಗೇ ಬರುತ್ತದೆ. ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ಶಕ್ತಿ ಇಳಿಸುತ್ತದೆ ಅಥವಾ ನಿಲ್ಲುತ್ತದೆ. ಮೀಟರ್‌ನಲ್ಲಿ ರಿಫ್ಲೆಕ್ಟೆಡ್ ಪವರ್ ಏರುತ್ತಿದ್ದರೆ ಜನರೇಟರನ್ನು ದೂರುವುದರಲ್ಲಿ ಅರ್ಥವಿಲ್ಲ.

ಕರೆಂಟ್ ಮರಳಿ ಬರುವ ಗಳಿಗೆ ಹೋಗುವ ಗಳಿಗೆಗಿಂತ ಅಪಾಯದ್ದು. ಎಲ್ಲೋ ನ್ಯೂಟ್ರಲ್ ತುಂಡಾಗಿದ್ದರೆ 230 ಬರಬೇಕಾದ ಕಡೆ 400 ವೋಲ್ಟ್‌ವರೆಗೆ ನುಗ್ಗಬಹುದು. ಒಂದು ಫೇಸ್ ಮಾತ್ರ ಸತ್ತಿದ್ದರೆ ಬ್ಲೋವರ್, ಎಸಿಗಳ ಮೋಟಾರ್ ಸುಡುತ್ತದೆ. ಸರ್ಜ್ ತಡೆಯುವ ಸಾಧನ ಕ್ಷಣಿಕ ಹೊಡೆತಕ್ಕಷ್ಟೇ ಒದಗುತ್ತದೆ, ನಿಂತ ಅಧಿಕ ವೋಲ್ಟೇಜ್‌ಗೆ ತಾನೇ ಸುಟ್ಟುಹೋಗುತ್ತದೆ. ಅದಕ್ಕೆ ವೋಲ್ಟೇಜ್ ರಿಲೇ, ಫೇಸ್ ರಿಲೇ ಬೇರೆಯೇ ಬೇಕು. ಪ್ಯಾನೆಲ್ 2ರಿಂದ 5 ನಿಮಿಷ ವೋಲ್ಟೇಜ್ ಸ್ಥಿರವಾಗಿದೆಯೇ ನೋಡಿ ಆಮೇಲೆ ಲೋಡ್ ಬದಲಿಸುವಂತೆ ಹೊಂದಿಸುತ್ತಾರೆ. ಕೇಂದ್ರದ ಜನರೇಟರ್ ಕರೆಂಟ್ ತಪ್ಪಿಯೂ ಹೊರಗಿನ ತಂತಿಗೆ ಹೋಗಬಾರದು. ಕಂಬದ ಮೇಲೆ ಲೈನ್‌ಮನ್ ಇರುತ್ತಾರೆ. ಚೇಂಜ್‌ಓವರ್ ಸ್ವಿಚ್ ಒಂದೇ ಹೊತ್ತಿಗೆ ಎರಡೂ ಕಡೆ ಕೂಡದಂತೆ ಬೀಗದ ವ್ಯವಸ್ಥೆ ಇರುವುದು ಅವರ ಜೀವಕ್ಕಾಗಿ.

## ಎಚ್ಚರಿಕೆ ಬಂದ ಮೇಲೆ

ಭಾರತ ಹವಾಮಾನ ಇಲಾಖೆ ಚಂಡಮಾರುತಕ್ಕೆ ನಾಲ್ಕು ಹಂತದಲ್ಲಿ ಸೂಚನೆ ಕೊಡುತ್ತದೆ: ಸುಮಾರು 72 ಗಂಟೆ ಮುಂಚೆ ಮುನ್ನೋಟ, 48 ಗಂಟೆ ಮುಂಚೆ ಅಲರ್ಟ್, 24 ಗಂಟೆ ಮುಂಚೆ ವಾರ್ನಿಂಗ್, ನೆಲ ಮುಟ್ಟುವ 12 ಗಂಟೆ ಮುಂಚೆ ನಂತರದ ಪರಿಣಾಮದ ಅಂದಾಜು. ಕೇಂದ್ರಗಳು ತಮ್ಮ ಕೆಲಸವನ್ನು ಇದಕ್ಕೇ ಜೋಡಿಸಿಕೊಳ್ಳಬಹುದು. ಮೊದಲ ಸೂಚನೆಗೆ ಟ್ಯಾಂಕ್ ತುಂಬಿಸಿ, ಲೋಡ್ ಹಾಕಿ ಜನರೇಟರ್ ಪರೀಕ್ಷೆ. 48 ಗಂಟೆಗೆ ಟವರನ್ನು ಎಳೆದು ನಿಲ್ಲಿಸುವ ಗೈ ತಂತಿ, ಡಿಶ್‌ನ ಬೋಲ್ಟ್ ಬಿಗಿ ಮಾಡುವುದು, ತಂತಿಗೆ ತಾಗುವ ಕೊಂಬೆ ಕಡಿಸುವುದು; ಗಾಳಿ ಎದ್ದ ಮೇಲೆ ಯಾರನ್ನೂ ಟವರ್ ಹತ್ತಿಸುವಂತಿಲ್ಲ. 24 ಗಂಟೆಗೆ ಎರಡು ಪಾಳಿಯ ಸಿಬ್ಬಂದಿ, ಅವರ ಊಟ, ನೀರು, ಟಾರ್ಚ್ ಸಮೇತ ಟ್ರಾನ್ಸ್‌ಮಿಟರ್ ಬಳಿಯೇ ಉಳಿಯುವುದು. ರಸ್ತೆ ಮುಚ್ಚಿದ ಮೇಲೆ ಗುಡ್ಡ ಹತ್ತುವುದು ಆಗದ ಮಾತು.

## ಕೇಳುವವರ ಕಡೆ

ಮೊಬೈಲ್ ಆ್ಯಪ್‌ನಲ್ಲಿ ಕೇಳುವ ರೇಡಿಯೊ ಇಂಟರ್ನೆಟ್‌ನಿಂದ ಬರುವುದು, ನೆಟ್‌ವರ್ಕ್ ಹೋದರೆ ಅದೂ ಹೋಯಿತು. ಫೋನ್‌ನಲ್ಲೇ ಎಫ್‌ಎಂ ಇದ್ದರೆ ಅದು ಗಾಳಿಯಿಂದ ನೇರವಾಗಿ ಹಿಡಿಯುತ್ತದೆ, ಆದರೆ ತಂತಿಯ ಇಯರ್‌ಫೋನ್ ಚುಚ್ಚಬೇಕು, ಆ ತಂತಿಯೇ ಆಂಟೆನಾ. ಫೋನ್‌ಗಳಲ್ಲಿ ಎಫ್‌ಎಂ ಸೌಲಭ್ಯ ಇರಲಿ ಎಂದು ಕೇಂದ್ರ ಸರ್ಕಾರ 2023ರಲ್ಲಿ ತಯಾರಕರಿಗೆ ಸಲಹೆ ನೀಡಿತ್ತು. ನಿಮ್ಮ ಫೋನ್‌ನಲ್ಲಿ ಇದೆಯೇ ಎಂದು ಮಳೆಗಾಲಕ್ಕೆ ಮುಂಚೆ ನೋಡಿಕೊಳ್ಳಿ.

ಎಫ್‌ಎಂ ಮತ್ತು ಮೀಡಿಯಂ ವೇವ್ ಎರಡೂ ಇರುವ, ಶೆಲ್ ಹಾಕುವ ಚಿಕ್ಕ ಸೆಟ್ ಒಂದಿದ್ದರೆ ಎಲ್ಲಕ್ಕಿಂತ ಮೇಲು. ಬಳಸದಿದ್ದಾಗ ಶೆಲ್ ತೆಗೆದಿಡಿ, ಇಲ್ಲವಾದರೆ ಸೋರಿ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಪಣಜಿಯ ಎಫ್‌ಎಂ ರೇನ್‌ಬೋ 105.4ರಲ್ಲಿ, ಮೀಡಿಯಂ ವೇವ್ 1287ರಲ್ಲಿ. ಕನ್ನಡದಲ್ಲಿ ಕೇಳಬೇಕೆಂದರೆ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಜ್ ಪ್ರಯತ್ನಿಸಿ. ಸ್ಥಳೀಯ ಕೇಂದ್ರವೇ ನಿಂತುಹೋದಾಗ ದೂರದ ಮೀಡಿಯಂ ವೇವ್ ಕೈಹಿಡಿಯುವುದುಂಟು. ಇನ್ವರ್ಟರ್, ಅಗ್ಗದ ಎಲ್‌ಇಡಿ ಬಲ್ಬ್, ಚಾರ್ಜರ್‌ಗಳು ಮೀಡಿಯಂ ವೇವ್‌ಗೆ ಗುಂಯ್ ಸದ್ದು ಸೇರಿಸುತ್ತವೆ, ಸೆಟ್ಟನ್ನು ಅವುಗಳಿಂದ ದೂರ ಕಿಟಕಿಯ ಬಳಿ ಇಡಿ. ಮೀಡಿಯಂ ವೇವ್‌ನ ಆಂಟೆನಾ ಸೆಟ್ಟಿನ ಒಳಗೆ ಅಡ್ಡಲಾಗಿ ಮಲಗಿರುವ ಫೆರೈಟ್ ಕಡ್ಡಿ. ಅದರ ತುದಿ ಕೇಂದ್ರದ ಕಡೆಗಿದ್ದರೆ ದನಿ ಕುಗ್ಗುತ್ತದೆ, ಮೈ ಆ ಕಡೆಗಿದ್ದರೆ ಏರುತ್ತದೆ. ಎಫ್‌ಎಂಗೆ ಏರಿಯಲ್ ಎಳೆಯಬೇಕು, ಮೀಡಿಯಂ ವೇವ್‌ಗೆ ಇಡೀ ಸೆಟ್ಟನ್ನೇ ದನಿ ತಿಳಿಯಾಗುವವರೆಗೆ ನಿಧಾನವಾಗಿ ತಿರುಗಿಸಬೇಕು.